ಅಡ್ಮಿನ್ ಅಣ್ಣನವರು

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರವರಿ 28ರಂದು ಬಾಗಿಲು ಹಾಕಿದ ತರುವಾಯ, ಅನ್ನಕ್ಕಾಗಿ ಭೂಮಿಯೊಳಕ್ಕೆ ಇಳಿಯುವ ಯೋಗ ತಪ್ಪಿದ ಆ ಊರಿನ ಜನರು, ಅದೇ ಅನ್ನಕ್ಕಾಗಿ ಭೂಮಿಯ ಮೇಲೆಯೇ ಎಂಬತ್ತು ಕಿಲೋಮೀಟರುಗಳಷ್ಟು ಅಡ್ಡಲಾಗಿ ಪ್ರಯಾಣ ಮಾಡುವುದನ್ನು ಕಲಿತರು. ಕೋಳಿ ಕೂಗುವ ಮುನ್ನವೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಟಿಫನ್ ಕ್ಯಾರಿಯರನ್ನು ಕಂಕುಳಲ್ಲಿ ಅವುಚಿ ನಿಂತು, ಬಂಗಾರಪೇಟೆಯಲ್ಲಿ ಇನ್ನಷ್ಟು ಮಂದಿಯನ್ನು ಕೂಡಿಕೊಂಡು ಬೆಂಗಳೂರಿಗೆ ಹೋಗುವ ಈ ಸೀಸನ್ ಪಾಸಿನ ಮಹಾಜನತೆಗೆ ದೇವರು ದಯಪಾಲಿಸಿರುವ ಅಧಿನಾಯಕರೇ ವಾಟ್ಸಾಪ್ ಗುಂಪಿನ ಅಡ್ಮಿನ್ ಅಣ್ಣನವರು. ಇವರು ಬೋಗಿಗೊಬ್ಬರಂತೆ ಇದ್ದಾರೆ. ಆದುದರಿಂದ ತಮ್ಮನ್ನೇ ಕುರಿತು ಬರೆದೆನೆಂದು ಯಾರೂ ಮುನಿಯಕೂಡದು.

ಅಣ್ಣನವರ ದಿನಚರಿ ಸೂರ್ಯೋದಯಕ್ಕೆ ಎಷ್ಟೋ ಮುಂಚೆ ಒಂದು ಗುಲಾಬಿ ಹೂವಿನ ಚಿತ್ರದಿಂದ ಆರಂಭವಾಗುತ್ತದೆ. ಅದಕ್ಕೆ ಪ್ರತಿಯಾಗಿ ನಲವತ್ತು ಗುಲಾಬಿಗಳು ಬಂದು ಬೀಳುತ್ತವೆ. ನಲವತ್ತೊಂದನೆಯದು ಬಂದೊಡನೆ ಅವರೇ ಸಿಟ್ಟಾಗಿ, ‘ಗಾಡಿಯ ವಿಷಯ ಮಾತ್ರ ಹಾಕಿ’ ಎಂದು ಅಪ್ಪಣೆ ಕೊಡಿಸುತ್ತಾರೆ. ಒಂದು ಗುಂಪಿಗೆ 256 ಮಂದಿಯೇ ಮಿತಿಯೆಂಬ ಕಾಲದಲ್ಲಿ, ಒಬ್ಬರನ್ನು ಸೇರಿಸಿಕೊಳ್ಳಬೇಕಾದರೆ ಇನ್ನೊಬ್ಬರನ್ನು ಹೊರಹಾಕಬೇಕಾಗಿದ್ದಾಗ, ಅವರ ಗಾಂಭೀರ್ಯವು ಜಿಲ್ಲಾ ನ್ಯಾಯಾಧೀಶರದಕ್ಕಿಂತ ಕಡಮೆಯದಾಗಿರಲಿಲ್ಲ. 2022ರಲ್ಲಿ ಆ ಮಿತಿ 1024ಕ್ಕೆ ಏರಿದಾಗ ಎಲ್ಲರೂ ಸಂತೋಷಪಟ್ಟರೂ ಅವರ ಮುಖವೊಂದು ಮಾತ್ರ ಬಾಡಿತು. ಫೋನಿನಲ್ಲಿ ಚಾರ್ಜು ಇರಲಿಲ್ಲವೆಂಬ ಸಬೂಬನ್ನು ಅವರು ಒಪ್ಪುವವರಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡ ಊರಿನವರು ಆಡುವ ಮಾತೇ ಇದು ಎಂದು ಕೇಳಿಬಿಡುತ್ತಾರೆ.

ಇಷ್ಟೆಲ್ಲ ದರ್ಪವಿದ್ದೂ ಜನ ಇವರನ್ನು ಏಕೆ ಸಹಿಸುತ್ತಾರೆಂಬುದು ನನಗೆ ಬಹುಕಾಲ ಒಗಟಾಗಿತ್ತು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಬೆರೆತ ಆ ಗುಂಪಿನಲ್ಲಿ ಒಬ್ಬರ ಮುಖವನ್ನೊಬ್ಬರು ಕಾಣದವರೇ ಹೆಚ್ಚು; ಆದರೂ ಆಸ್ಪತ್ರೆಯಲ್ಲಿರುವ ಯಾರಿಗೋ ರಕ್ತ ಬೇಕೆಂದರೆ ವೈಟ್‌ಫೀಲ್ಡಿನಲ್ಲಿ ಇಬ್ಬರು ಇಳಿದು ಹೋಗುತ್ತಾರೆ; ಬೋಗಿಯಲ್ಲಿ ಮರೆತ ಟಿಫನ್ ಕ್ಯಾರಿಯರು, ಒಳಗಿನ ಚಿತ್ರಾನ್ನವೊಂದನ್ನುಳಿದು, ಸಂಜೆಯೊಳಗಾಗಿ ಒಡೆಯನ ಕೈಸೇರುತ್ತದೆ. ಹೆಣ್ಣು ಕೊಡುವವರು ಕೂಡ ‘ಹುಡುಗ ಎಂಥವನು ಅಣ್ಣ?’ ಎಂದು ಇವರನ್ನೇ ಕೇಳುತ್ತಾರೆ. ಅಣ್ಣನವರಿಗೆ ಆ ಹುಡುಗನ ವಿಷಯವಾಗಿ ತಿಳಿದಿರುವುದು ಆತ ಮಾಲೂರಿನವರೆಗೆ ನಿದ್ದೆ ಮಾಡುತ್ತಾನೆಂಬುದಷ್ಟೆ. ಅದನ್ನು ಹಾಗೆಯೇ ಹೇಳುತ್ತಾರೆ.

ಒಗಟು ಬಿಡಿಸಿದ್ದು ಒಂದು ಅಪಘಾತ. ಅಪಘಾತವೆಂದರೆ ರೈಲಿನದಲ್ಲ, ಸುದ್ದಿಯದು. ಯಾರೋ ಕಳುಹಿಸಿದುದನ್ನು ನಂಬಿ ಅಣ್ಣನವರು ಒಂದು ಸಂಜೆ, ಗಾಡಿ ಔಟರಿನಲ್ಲಿ ನಿಂತಿದೆ, ಇಪ್ಪತ್ತು ನಿಮಿಷ ತಡ ಎಂದು ಸಾರಿದರು. ಬಂಗಾರಪೇಟೆಯಲ್ಲಿ ಊರಿನ ಗಾಡಿಗಾಗಿ ಕಾದಿದ್ದ ಹದಿನೈದು ಮಂದಿ ಆ ಭರವಸೆಯ ಮೇಲೆ ಪಾನಿಪುರಿಯ ಅಂಗಡಿಗೆ ಹೋದರು. ಗಾಡಿ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೊರಟುಹೋಯಿತು. ಆ ರಾತ್ರಿ ಗುಂಪಿನಲ್ಲಿ ಆಡಲ್ಪಟ್ಟ ನಾಲ್ಕು ಭಾಷೆಗಳ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಣ್ಣನವರು ಮಾತ್ರ ಯಾರನ್ನೂ ಹೊರಹಾಕಲಿಲ್ಲ, ಹಾಕಿದ ಸುದ್ದಿಯನ್ನು ಅಳಿಸಲಿಲ್ಲ. ‘ತಪ್ಪು ನನ್ನದು, ನೋಡದೆ ಹಾಕಿದೆ’ ಎಂದು ಬರೆದರು. ಮರುದಿನದಿಂದ ಅವರ ಪ್ರತಿಯೊಂದು ಸುದ್ದಿಯ ಕೊನೆಗೂ ಎರಡರಲ್ಲೊಂದು ಮುದ್ರೆ ಬಿತ್ತು: ‘ಕಣ್ಣಾರೆ ಕಂಡದ್ದು’ ಅಥವಾ ‘ಕೇಳಿದ್ದು’.

ಇದೆಲ್ಲಿಯ ಕ್ರಮವೆಂದು ಕೇಳಿದಾಗ ಅವರು ತಂದೆಯವರ ಕಥೆ ಹೇಳಿದರು. ಆ ಹಿರಿಯರು ಗಣಿಯಲ್ಲಿ ವೈಂಡಿಂಗ್ ಎಂಜಿನ್ನು ನಡೆಸುತ್ತಿದ್ದವರಂತೆ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಕೇಜಿನಲ್ಲಿ ನಿಂತ ಮನುಷ್ಯರ ಮುಖವಾಗಲಿ ಕೇಜಾಗಲಿ ಎಂಜಿನ್ನಿನವನಿಗೆ ಕಾಣದು. ಗಂಟೆಯ ಹೊಡೆತಗಳ ಎಣಿಕೆಯಿಂದಲೇ ಇಳಿಸು, ಏರಿಸು, ನಿಲ್ಲಿಸು ಎಂಬುದನ್ನು ತಿಳಿದು ಆತ ಹಗ್ಗವನ್ನು ಬಿಡಬೇಕು. ‘ಗಂಟೆ ಹೊಡೆಯುವವನು ಸುಮ್ಮನೆ ಒಂದು ಹೆಚ್ಚಿಗೆ ಹೊಡೆದಿದ್ದರೆ ನಮ್ಮಪ್ಪ ಮನೆಗೆ ಬಂದು ಊಟ ಮಾಡೋಕಾಗ್ತಿತ್ತಾ ಸ್ವಾಮಿ?’ ಎಂದರು. ಗುಲಾಬಿ ಚಿತ್ರಗಳ ಸರದಾರರ ಬಾಯಿಂದ ಇಂಥ ಮಾತನ್ನು ನಾನು ನಿರೀಕ್ಷಿಸಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಅವರನ್ನು ಮುಖತಃ ಕಂಡದ್ದು ಅದೊಂದೇ ಸಲ. ಸಾವಿರ ಮಂದಿಯನ್ನು ಆಳುವ ಈ ಪುರುಷರು ಸಣ್ಣ ಮೈಕಟ್ಟಿನ ನಾಚಿಕೆಯ ಪ್ರಾಣಿ. ಕಿಟಕಿಯ ಪಕ್ಕದ ಜಾಗ ಖಾಲಿಯಿದ್ದರೂ ಕೇಳಲು ಸಂಕೋಚಪಟ್ಟು ನಿಂತೇ ಬರುವವರು. ಟೊಮೇಟೊಗೆ ಹೆಸರಾದ ಕೋಲಾರ ಸೀಮೆಯಲ್ಲಿದ್ದೂ ಒಂದು ಕಿಲೋ ಟೊಮೇಟೊ ಆರಿಸಿ ತರುವುದಕ್ಕೆ ಮನೆಯಾಕೆ ಅವರನ್ನು ನಂಬುವುದಿಲ್ಲವಂತೆ. ಈ ಕೊನೆಯದು ಮಾತ್ರ ನಾನು ಕೇಳಿದ್ದು.

ಮೊನ್ನೆ ಸಂಜೆ ಬಂಗಾರಪೇಟೆಯಲ್ಲಿದ್ದೆ. ಇಲ್ಲಿಯ ಪಾನಿಪುರಿಯ ನೀರು ಬಾವಿಯ ನೀರಿನಷ್ಟೇ ತಿಳಿ. ಖಾರವೆಲ್ಲಿದೆಯೆಂಬುದು ಬಾಯಿಗೆ ಬಿದ್ದ ಮೇಲೆಯೇ ತಿಳಿಯತಕ್ಕದ್ದು. ಒಂದು ತಟ್ಟೆ ಮುಗಿಸಿ ಎರಡನೆಯದಕ್ಕೆ ಹೇಳಿ ದುಡ್ಡನ್ನೂ ಕೊಟ್ಟಿದ್ದೆ. ಆಗ ಫೋನು ಗುನುಗಿತು: ‘ಟ್ಯಾಕಲ್ ಬಿಟ್ಟಿತು. ಕಣ್ಣಾರೆ ಕಂಡದ್ದು.’ ತಟ್ಟೆಯನ್ನು ಅಲ್ಲಿಯೇ ಬಿಟ್ಟು ನಿಲ್ದಾಣಕ್ಕೆ ಓಡಿದೆ, ಗಾಡಿ ಸಿಕ್ಕಿತು.