ಗೇಟಿನಾಚೆಯ ಮೂರಡಿ

ಹೊಳೆನರಸೀಪುರದಲ್ಲಿ ಮನೆಗೆ ಎರಡು ಅಳತೆ. ಒಂದು ಕ್ರಯಪತ್ರದಲ್ಲಿರುವುದು. ಇನ್ನೊಂದು ಯಜಮಾನರ ಮನಸ್ಸಿನಲ್ಲಿರುವುದು. ಅದು ಕಾಂಪೌಂಡ್ ದಾಟಿ, ಚರಂಡಿ ಹಾರಿ, ಟಾರಿನ ಅಂಚಿಗೆ ಬಂದು ನಿಲ್ಲುತ್ತದೆ. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಪ್ರಕಾರ ಬೀದಿ, ಚರಂಡಿ ಎಲ್ಲ ಪುರಸಭೆಯ ಸ್ವತ್ತು. ಆದರೆ ದಿನಾ ಅಲ್ಲಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡುವ ಮನೆಯಾಕೆಗೆ ಕಾಯಿದೆ ಓದಿ ಹೇಳುವ ಗಂಡೆದೆ ಯಾರಿಗಿದೆ?

ಮೊದಲು ಚರಂಡಿ ಮೇಲೆ ಚಪ್ಪಡಿ. ಬೇರೆಯವರ ಬೈಕು ನಿಲ್ಲದಿರಲೆಂದು ಎರಡು ದಪ್ಪ ಕಲ್ಲು. ಪಕ್ಕದಲ್ಲೊಂದು ದಾಸವಾಳ, ಅದಕ್ಕೆ ಮುಳ್ಳುಬೇಲಿ. ಅಲ್ಲಿಗೆ ಪುರಸಭೆಯ ಜಾಗ ತೋಟವಾಯಿತು. ತಕರಾರು ಶುರುವಾಗುವುದು ಬೆಳಗಿನ ಐದೂವರೆಗೆ. ವಾಕಿಂಗ್ ಹೊರಟವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಂಬೆ ಎಳೆಯುವ ಕೊಕ್ಕೆಕೋಲು.

“ಏನ್ ರಾಯರೇ, ಒಂದ್ ಮಾತು ಕೇಳಿ ಕೀಳ್ಬಾರ್ದಾ?”

“ದೇವರಿಗೆ ಕಣಮ್ಮಾ. ಅಲ್ದೆ ಗಿಡ ಇರೋದು ರಸ್ತೇಲಿ ತಾನೇ?”

“ನೀರು ನಮ್ಮನೆ ನಲ್ಲೀದು!”

“ನಲ್ಲೀಲಿ ಬರೋದು ಹೇಮಾವತಿ. ಅವಳನ್ನೂ ಖಾತೆ ಮಾಡಿಸ್ಕೊಂಡಿದ್ದೀರಾ?”

ನನ್ನ ತೀರ್ಪು ಕೇಳಿದರೆ, ಬೀದಿಗೆ ಬಾಗಿದ ಹೂ ಒಂದೆರಡು ಕೀಳಬಹುದು, ಮೊಗ್ಗು ಮುಟ್ಟಕೂಡದು. ಕೊಕ್ಕೆ ತಂದವರಿಗೆ ಕಾಫಿ ಇಲ್ಲ.

ಈ ಹಕ್ಕುದಾರಿಕೆಗೂ ಒಂದು ಮಿತಿಯುಂಟು: ಗಿಡ ನಮ್ಮದು, ಅದರ ಎಲೆ ಬಿದ್ದು ಕಟ್ಟಿಕೊಂಡ ಚರಂಡಿ ಮಾತ್ರ ಪುರಸಭೆಯದು. ಹೂಳೆತ್ತಲು ಬಂದ ಪೌರಕಾರ್ಮಿಕರು “ಸ್ವಲ್ಪ ಚಪ್ಪಡಿ ತೆಗೆಸಿ ಸಾರ್” ಎಂದರೆ, “ಮೊದಲು ಎದುರುಮನೆಯವರದ್ದು ತೆಗೆಸಿ” ಎಂಬ ಉತ್ತರ ಎರಡೂ ಗೇಟುಗಳಿಂದ ಒಟ್ಟಿಗೇ ಬರುತ್ತದೆ.