ಇರಪ್ಪಾ, ರೇಟು ಬರ್ಲಿ

ತುರುವೇಕೆರೆ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿಗೆ ಇವತ್ತಿಗೂ ಒಂದು ಗೀರು ಬಿದ್ದಿಲ್ಲ. ಹೊರಗೆ ಬಂದರೆ ತಾನೇ ಬೀಳುವುದು! 1089 ಸಿಸಿ ಇಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮೈಮೇಲೆ ದೊಡ್ಡಪ್ಪನ ಹಳೇ ಪಂಚೆ.

"ಮಾರಿ, ಇಲ್ಲ ಓಡಿಸಿ" ಎಂದರೆ, "ಇರಪ್ಪಾ, ರೇಟು ಬರ್ಲಿ" ಅನ್ನುತ್ತಾರೆ. ನಮ್ಮ ಸೀಮೆಯ ರೋಗವೇ ಇದು. ಕಾಯನ್ನು ವರ್ಷದ ಹತ್ತಿರ ಅಟ್ಟದಲ್ಲಿಟ್ಟು, ಅದು ಗಡಗಡ ಎನ್ನುವ ಉಂಡೆ ಕೊಬ್ಬರಿಯಾದ ಮೇಲೂ ತಿಪಟೂರು ಎಪಿಎಂಸಿಯ ಧಾರಣೆ ನೋಡುತ್ತ ಕೂರುವವರು ಕಾರನ್ನು ಬಿಟ್ಟಾರೆಯೇ? ಆದರೆ ಕಾಯಿ ಇಟ್ಟರೆ ಕೊಬ್ಬರಿ. ಕಾರು ಇಟ್ಟರೆ ಬ್ಯಾಟರಿ ಕೂರುತ್ತದೆ, ಟೈರು ಬಿರಿಯುತ್ತದೆ, ಇಲಿ ವೈರು ಕಡಿಯುತ್ತದೆ.

ಮೊನ್ನೆ ಬೆಂಗಳೂರಿನಿಂದ ಗಿರಾಕಿ ಬಂದಿದ್ದ. ದೊಡ್ಡಮ್ಮ ಎಳನೀರು ಕೊಟ್ಟರು, ದೊಡ್ಡಪ್ಪ ಬೀಗದ ಕೈ ಕೊಡಲಿಲ್ಲ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನ ಹಳೇ ಕಾರುಗಳನ್ನಾದರೂ ಜನ ನೋಡುತ್ತಾರೆ. ಇದನ್ನು ನೋಡುವುದು ಕಾವು ಕೂತ ಕೋಳಿ ಮಾತ್ರ.

ಪದ್ಮಿನಿ ತಯಾರಿ ನಿಂತು ಕಾಲು ಶತಮಾನವಾಯಿತು ದೊಡ್ಡಪ್ಪಾ. ಬಿಡಿಭಾಗ ಸಿಗುವಾಗಲೇ ಓಡಿಸಿ. ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೆ ಹೋಗಿಬನ್ನಿ. ಪೆಟ್ರೋಲು ನಾನು ಹಾಕಿಸುತ್ತೇನೆ.