ಹೊಲ ಬಿಟ್ಟ ಹಬೇರೆ

‘ಹೊಂದಿರು, ಇಟ್ಟುಕೊ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ಹಬೇರೆ. ಹಳೆಯ ಜಮೀನ್ದಾರರು, ಈಗ ಹೆಚ್ಚಾಗಿ ಬೇರೆ ಪದಗಳ ಬಾಲದಲ್ಲಿ ವಾಸ.

ಪ್ರಶ್ನೆ: ಸ್ಪೇನಿನಲ್ಲಿ ನಿಮ್ಮ ಆಸ್ತಿಯನ್ನೆಲ್ಲ ‘ತೆನೇರ್’ ಹೊಡೆದುಕೊಂಡನಂತೆ?

ಹಬೇರೆ: ಹೊಡೆದುಕೊಳ್ಳಲಿ ಬಿಡಿ. ‘ಹಿಡಿ’ ಎಂಬುದೇ ಅವನ ಹುಟ್ಟುಗುಣ. ಮನೆ, ಮಕ್ಕಳು, ಹಸಿವು, ವಯಸ್ಸು ಎಲ್ಲವೂ ಅವನ ಖಾತೆಗೇ ಹೋಗಿವೆ. ಆದರೆ ‘ಹಾಡಿದ್ದೇನೆ’ ಎನ್ನಲು ಸ್ಪ್ಯಾನಿಷರು ‘ಎ ಕಾಂತಾದೊ’ ಎನ್ನುತ್ತಾರೆ. ಆ ‘ಎ’ ನಾನು. ‘ಹಾಡುವೆ’ ಎನ್ನಲು ‘ಕಾಂತರೇ’. ಕೊನೆಯ ಸ್ವರವೂ ನಾನೇ. (ನಿಮ್ಮ ಸಿನಿಮಾಕ್ಕೂ ಇದಕ್ಕೂ ಸಂಬಂಧವಿಲ್ಲ.) ಅರ್ಥವನ್ನು ಬಿಟ್ಟುಕೊಟ್ಟೆ, ಭೂತ ಭವಿಷ್ಯ ಎರಡೂ ಕೈಗೆ ಬಂದವು. ಅರ್ಥಕ್ಕೆ ಅಂಟಿ ಕುಳಿತಿದ್ದರೆ ತೆನೇರ್ ಎದುರು ಎಂದೋ ಸೋಲುತ್ತಿದ್ದೆ.

ಪ್ರಶ್ನೆ: ಒಂದು ಸ್ವರ ಹಿಡಿದು ‘ನಾನೇ’ ಎಂದರೆ ಸಾಕ್ಷಿ ಬೇಡವೇ?

ಹಬೇರೆ: ಪೋರ್ಚುಗೀಸಿನ ಗ್ರಂಥಭಾಷೆ ನೋಡಿ. ‘ಅದನ್ನು ಹಾಡುವೆ’ ಎನ್ನಲು ‘ಕಾಂತಾ-ಲೊ-ಎಯ್’. ‘ಅದನ್ನು’ ಎಂಬ ಸರ್ವನಾಮ ಕ್ರಿಯಾಪದಕ್ಕೂ ಬಾಲಕ್ಕೂ ನಡುವೆ ನುಗ್ಗಿ ಕೂತಿದೆ. ಹಿಂದೊಮ್ಮೆ ಅಲ್ಲಿ ಎರಡು ಪದಗಳಿರದಿದ್ದರೆ ಆ ಸಂದು ಎಲ್ಲಿಂದ ಬಂತು? ಫ್ರೆಡೆಗಾರನ ಹೆಸರಿನಲ್ಲಿರುವ 7ನೇ ಶತಮಾನದ ವೃತ್ತಾಂತದಲ್ಲಿ ‘ದಾರಾಸ್’, ಅಂದರೆ ‘ನೀನು ಕೊಡುವೆ’, ಎಂಬ ರೂಪ ಸಿಗುತ್ತದೆ. ಆಗಲೇ ನಾನು ಬಾಲವಾಗಿದ್ದೆ. ಹಳೆಯ ಭವಿಷ್ಯತ್ತನ್ನು ಕೊಂದವನು ನಾನಲ್ಲ. ‘ಅಮಾಬಿತ್’ ಎಂದರೆ ಪ್ರೀತಿಸುವನು, ‘ಅಮಾವಿತ್’ ಎಂದರೆ ಪ್ರೀತಿಸಿದನು. ಜನರ ಬಾಯಲ್ಲಿ ಬಕಾರ ವಕಾರ ಒಂದಾದ ಮೇಲೆ ವರ ಪ್ರೀತಿಸಲಿದ್ದಾನೋ, ಪ್ರೀತಿಸಿ ಮುಗಿಸಿದ್ದಾನೋ ತಿಳಿಯದಾಯಿತು. ಖಾಲಿ ಹುದ್ದೆಗೆ ನನ್ನನ್ನು ಕರೆದರು. ರೊಮೇನಿಯನ್ನರು ಮಾತ್ರ ಗ್ರಂಥಭಾಷೆಯ ಭವಿಷ್ಯತ್ತನ್ನು ‘ಬಯಸು’ ಎಂಬ ಕ್ರಿಯಾಪದಕ್ಕೆ ವಹಿಸಿದ್ದಾರೆ, ಒಪ್ಪುತ್ತೇನೆ.

ಪ್ರಶ್ನೆ: ಇದು ಸವೆತವಲ್ಲವೇ? ಅವನತಿಯಲ್ಲವೇ?

ಹಬೇರೆ: ‘ಬಂದು ಇದ್ದೇನೆ’ ಕೂಡಿ ‘ಬಂದಿದ್ದೇನೆ’ ಆದಾಗ ಕನ್ನಡ ಯಾವ ಶೋಕಸಭೆ ನಡೆಸಿತು? ಸವೆಯದೆ ಉಳಿದ ನನ್ನನ್ನು ನೋಡಬೇಕಾದರೆ ಬೆಂಗಳೂರಿನ ಹೈಕೋರ್ಟಿಗೆ ಹೋಗಿ. ಸಂವಿಧಾನದ 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತಾರಲ್ಲ, ಆ ‘ಹೇಬಿಯಸ್’ ನಾನೇ, ಅಕ್ಷರ ಮುಕ್ಕಾಗದೆ. ಆದರೆ ಅಲ್ಲಿ ನನ್ನಿಂದ ಹೊಸ ವಾಕ್ಯ ಕಟ್ಟುವವರು ಒಬ್ಬರೂ ಇಲ್ಲ.

ಪ್ರಶ್ನೆ: ಇಂಗ್ಲಿಷಿನ ‘ಹ್ಯಾವ್’ ನಿಮ್ಮ ಮಗನೇ ತಾನೆ?

ಹಬೇರೆ: ಮುಖ ನೋಡಿ ವಂಶವೃಕ್ಷ ಬರೆಯಬೇಡಿ. ಲ್ಯಾಟಿನ್ನಿನ ಕಕಾರಕ್ಕೆ ಜರ್ಮಾನಿಕ್ ಮನೆಯಲ್ಲಿ ಹಕಾರ: ‘ಕೋರ್ನು’ಗೆ ‘ಹಾರ್ನ್’. ನಿಮ್ಮ ಹಳಗನ್ನಡದ ಪಾಲ್ ಹಾಲಾದಷ್ಟೇ ಕ್ರಮಬದ್ಧ. ಆ ಲೆಕ್ಕದಲ್ಲಿ ಹ್ಯಾವ್‌ನ ದಾಯಾದಿ ‘ಕಾಪೆರೆ’. ಜೀವನಾಂಶ ಕೇಳುವುದಿದ್ದರೆ ಅವನನ್ನೇ ಕೇಳಲಿ.